ಆಯ್ಕೆ ನನ್ನದಾದರೆ ಕಥೆ ಯಾಕೆ ಬದಲಾಗಲಿಲ್ಲ?

ಪ್ರಶ್ನೆ: ಫೋನಿನಲ್ಲಿ ಕ್ರಿಕೆಟ್, ಕಾರ್ ರೇಸ್ ಬಿಟ್ಟರೆ ಬೇರೆ ಆಡಿದವನಲ್ಲ. ತಮ್ಮನ ಒತ್ತಾಯಕ್ಕೆ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ, ಆಡುವವರ ಆಯ್ಕೆಯಂತೆ ಸಾಗುವ ಒಂದು ಕಥಾ ಗೇಮ್ ಮುಗಿಸಿದೆ. ಕಣ್ಣು ಒದ್ದೆಯಾಯಿತು. ಆದರೆ ಎರಡನೇ ಸಲ ಬೇಕೆಂದೇ ಉಲ್ಟಾ ಆಯ್ಕೆ ಮಾಡಿದರೂ ಕಥೆ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಂತಿತು. ಇದು ಮೋಸವಲ್ಲವೇ?
ಓದುಗರು, ಶಿವಮೊಗ್ಗ

ಉತ್ತರ: ನೀವು ಗಮನಿಸಿದ್ದು ಸರಿ, ಕವಲುಗಳು ಮತ್ತೆ ಕೂಡಿಕೊಳ್ಳುತ್ತವೆ. ಪ್ರತಿ ಆಯ್ಕೆಗೂ ಕಥೆ ಎರಡಾಗಿ ಒಡೆಯುತ್ತಾ ಹೋದರೆ ಹತ್ತೇ ಆಯ್ಕೆಗೆ 1,024 ದಾರಿಗಳಾಗುತ್ತವೆ. ಅಷ್ಟಕ್ಕೂ ಸಂಭಾಷಣೆ ಬರೆದು, ದನಿ ಕೊಟ್ಟು, ಅನಿಮೇಷನ್ ಮಾಡಿ ಮುಗಿಸಲು ಯಾರಿಂದಲೂ ಆಗದು. ಹಾಗಾಗಿ ಕಾವೇರಿ ಶ್ರೀರಂಗಪಟ್ಟಣದ ಎರಡೂ ಬದಿ ಹರಿದು ಮುಂದೆ ಒಂದಾಗುವ ಹಾಗೆ ಕಥೆ ಕಟ್ಟುತ್ತಾರೆ.

2012ರ 'ದಿ ವಾಕಿಂಗ್ ಡೆಡ್' ಗೇಮ್ ನೋಡಿ. ಮೊದಲ ಕಂತಿನಲ್ಲಿ ಡಗ್, ಕಾರ್ಲಿ ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಬಹುದು. (ಇನ್ನೂ ಆಡದವರು ಮುಂದಿನ ವಾಕ್ಯ ಬಿಟ್ಟು ಓದಿ.) ಯಾರನ್ನು ಉಳಿಸಿದರೂ ಮೂರನೇ ಕಂತಿನಲ್ಲಿ ಅವರೂ ಸಾಯುತ್ತಾರೆ. ಆದರೆ ಅಲ್ಲಿಯವರೆಗೆ ನಿಮ್ಮ ಜೊತೆಗಿರುವವರು ಬೇರೆ, ಅವರೊಂದಿಗಿನ ಮಾತು ಬೇರೆ. ಪುಟ್ಟ ಹುಡುಗಿ ಕ್ಲೆಮಂಟೈನ್ ಎದುರು ನೀವು ಹೇಗೆ ನಡೆದುಕೊಂಡಿರಿ ಎಂಬುದು ಕೊನೆಯವರೆಗೂ ಕಾಡುತ್ತದೆ. ಈ ಬಗೆಯ ಆಟದ ಜೀವ ಇರುವುದು ಅಲ್ಲೇ. ಮುಕ್ತಾಯಗಳನ್ನು ಎಣಿಸುತ್ತಾ ಕೂತರೆ ಅದು ಕೈಗೆ ಸಿಗುವುದಿಲ್ಲ.

ನಿಜಕ್ಕೂ ದೂರ ದೂರ ಹೋಗುವ ಕವಲು ಬೇಕೆಂದರೆ 2018ರ 'ಡೆಟ್ರಾಯ್ಟ್: ಬಿಕಮ್ ಹ್ಯೂಮನ್' ಆಡಿ. ಮೂವರು ನಾಯಕರು, ಒಬ್ಬರು ಸತ್ತರೂ ಕಥೆ ನಿಲ್ಲುವುದಿಲ್ಲ. ಮೊದಲ ಅಧ್ಯಾಯದಲ್ಲಿ ಆ ಮೂವರಲ್ಲೊಬ್ಬನಾದ ಕಾನರ್ ಲಿಫ್ಟ್‌ನಿಂದ ಹೊರಬಂದು ಮನೆಯೊಳಗೆ ಕಾಲಿಟ್ಟರೆ ಒಡೆದ ಅಕ್ವೇರಿಯಂ, ನೆಲದ ಮೇಲೆ ವಿಲವಿಲ ಒದ್ದಾಡುವ ಒಂದು ಮೀನು. ಎತ್ತಿ ನೀರಿಗೆ ಬಿಡಬಹುದು, ದಾಟಿ ಹೋಗಲೂಬಹುದು. ಮಗುವಿನ ಕೋಣೆಯ ಟ್ಯಾಬ್ಲೆಟ್‌ನಲ್ಲಿ ವಿಡಿಯೊ ನೋಡಿದರೆ ಆ ಮಗುವನ್ನು ಒತ್ತೆಯಿಟ್ಟುಕೊಂಡಿರುವ ಆಂಡ್ರಾಯ್ಡ್‌ನ (ಮನುಷ್ಯರಂತೆಯೇ ಕಾಣುವ ರೋಬೋ) ಹೆಸರು ಡೇನಿಯಲ್ ಎಂದು ತಿಳಿಯುತ್ತದೆ, ಆಮೇಲೆ ಟೆರೇಸಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯಬಹುದು. ಸುಳಿವು ಸಿಕ್ಕಷ್ಟೂ ಯಶಸ್ಸಿನ ಶೇಕಡಾ ಏರುವುದು ಪರದೆಯ ಮೇಲೇ ಕಾಣುತ್ತದೆ. ಅಧ್ಯಾಯ ಮುಗಿದಾಗ ನೀವು ನಡೆದ ದಾರಿಯ ನಕ್ಷೆ ಬರುತ್ತದೆ, ಹೋಗದ ಕವಲುಗಳಿಗೆ ಬೀಗ.

ಪ್ರಶ್ನೆ: ಇಂಗ್ಲಿಷ್ ಓದಿ ಮುಗಿಸುವಷ್ಟರಲ್ಲಿ ಟೈಮರ್ ಮುಗಿದಿರುತ್ತದೆ. ಒಮ್ಮೊಮ್ಮೆ ನಾನು ಆರಿಸಿದ್ದೊಂದು, ಪಾತ್ರ ಆಡಿದ ಮಾತೇ ಇನ್ನೊಂದು.
ಓದುಗರು, ಹಾಸನ

ಉತ್ತರ: ಈ ಗೇಮ್‌ಗಳಲ್ಲಿ ಕನ್ನಡ ಸಬ್‌ಟೈಟಲ್ ಇಲ್ಲ. ಹಾಗಾಗಿ ಮೊದಲ ದೃಶ್ಯಕ್ಕೂ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಇಂಗ್ಲಿಷ್ ಸಬ್‌ಟೈಟಲ್ ಆನ್ ಮಾಡಿಕೊಳ್ಳಿ. ಡೆಟ್ರಾಯ್ಟ್‌ನಲ್ಲಿ ಎರಡು ಹಂತಗಳಿವೆ, ಹೊಸಬರು 'ಕ್ಯಾಶುವಲ್' ಆರಿಸಿ: ಬಟನ್‌ಗಳು ಸರಳ, ಪಾತ್ರಗಳು ಸುಲಭಕ್ಕೆ ಸಾಯುವುದಿಲ್ಲ.

ಪರದೆಯ ಮೇಲಿನ ಒಂದೆರಡು ಪದ ಪೂರ್ತಿ ಮಾತಲ್ಲ, ಮಾತಿನ ಧಾಟಿ ಮಾತ್ರ. ಅದನ್ನು ವಾಕ್ಯವೆಂದು ಓದಿಕೊಂಡಾಗಲೇ ಎಡವಟ್ಟಾಗುವುದು. ಸಿಟ್ಟೋ, ಸಮಾಧಾನವೋ ಎಂದು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಅದಕ್ಕೆ ಹತ್ತಿರದ ಪದ ಒತ್ತಿ. 'ದಿ ವಾಕಿಂಗ್ ಡೆಡ್'ನಲ್ಲಿ ಸಮಯ ಮೀರಿದರೆ ಮೌನವನ್ನೇ ಉತ್ತರವೆಂದು ಎಣಿಸುತ್ತಾರೆ, ಎದುರಿಗಿರುವವರು ಅದಕ್ಕೂ ಪ್ರತಿಕ್ರಿಯಿಸುತ್ತಾರೆ.

ನಿಧಾನವಾಗಿ ಓದುವವರು 2015ರ 'ಲೈಫ್ ಈಸ್ ಸ್ಟ್ರೇಂಜ್'ನಿಂದ ಶುರುಮಾಡುವುದು ವಾಸಿ. ಹೆಚ್ಚಿನ ಆಯ್ಕೆಗಳಿಗೆ ಗಡುವಿಲ್ಲ, ನಾಯಕಿ ಮ್ಯಾಕ್ಸ್ ಸಮಯವನ್ನು ಹಿಂದಕ್ಕೆ ತಿರುಗಿಸಬಲ್ಲಳು. ಹಾಗೆಂದು ಕಣ್ಣು ತೇಲಿಸಿ ಆಡಬೇಡಿ. ಎರಡನೇ ಕಂತಿನ ಕೊನೆಯ ಒಂದು ಮಹತ್ವದ ಘಟ್ಟದಲ್ಲಿ ಆ ಶಕ್ತಿ ಕೈಕೊಡುತ್ತದೆ. ಆಗ ಉಪಯೋಗಕ್ಕೆ ಬರುವುದು ಗೆಳತಿಯ ಕೋಣೆಯಲ್ಲಿ ನೀವು ಮೊದಲು ನೋಡಿಟ್ಟುಕೊಂಡ ಸಣ್ಣಪುಟ್ಟ ವಸ್ತುಗಳೇ.

ಪ್ರಶ್ನೆ: ತಪ್ಪು ಆಯ್ಕೆ ಮಾಡಿದರೆ ಹಿಂದಕ್ಕೆ ಹೋಗಬಹುದೇ? ಹಳೆಯ ಲ್ಯಾಪ್‌ಟಾಪ್ ಸಾಕೇ?
ಓದುಗರು, ಧಾರವಾಡ

ಉತ್ತರ: ಬಹುತೇಕ ಆಟಗಳು ತಾವೇ ಸೇವ್ ಮಾಡಿಕೊಳ್ಳುತ್ತವೆ. ಮೊದಲ ಸಲ ತಪ್ಪಾದರೂ ಹಾಗೇ ಮುಂದುವರಿಯಿರಿ. ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಹೋಗುತ್ತಿದ್ದರೆ ಆಯ್ಕೆಗೆ ಇರುವ ಭಾರವೇ ಹೋಗಿಬಿಡುತ್ತದೆ. ಪೂರ್ತಿ ಮುಗಿದ ಮೇಲೆ ಡೆಟ್ರಾಯ್ಟ್‌ನ ನಕ್ಷೆಯಲ್ಲಿ ಬೇಕಾದ ಚೆಕ್‌ಪಾಯಿಂಟ್ (ಮತ್ತೆ ಶುರುಮಾಡಬಹುದಾದ ಜಾಗ) ಆರಿಸಿ ಮರುಆಡಬಹುದು. ಅಲ್ಲಿ ಸೇವ್ ಮಾಡದೆ ಆಡುವ ಆಯ್ಕೆ ಒತ್ತಿದರೆ ನಿಮ್ಮ ಮೊದಲ ಕಥೆ ಉಳಿಯುತ್ತದೆ.

ಪಿಸಿಯಲ್ಲಿ ಡೆಟ್ರಾಯ್ಟ್‌ಗೆ 55 ಜಿಬಿ ಜಾಗ, ಕನಿಷ್ಠ 8 ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಮೊದಲ ಸಲ ತೆರೆದಾಗ ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧವಾಗಲು ಬಹಳ ಹೊತ್ತು ಹಿಡಿಯುತ್ತದೆ, ಕೆಟ್ಟಿದೆಯೆಂದು ನಡುವೆ ಮುಚ್ಚಬೇಡಿ. 'ಲೈಫ್ ಈಸ್ ಸ್ಟ್ರೇಂಜ್' ಹಗುರ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅದರ ಮೊದಲ ಕಂತು ಉಚಿತವಾದ್ದರಿಂದ ನಿಮ್ಮ ಲ್ಯಾಪ್‌ಟಾಪ್ ತಡೆಯುತ್ತದೋ ಇಲ್ಲವೋ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ನೋಡಿಕೊಳ್ಳಬಹುದು.