ಸೈಂಟಿಫಿಕ್ ಕಂಪ್ಯೂಟಿಂಗ್ ಪಿಎಚ್‌ಡಿಗೆ ಸೇರುವ ಮುಂಚೆ ಕುಡಾ ಕಲಿತಿರಲೇಬೇಕಾ?

ಮೆಕ್ಯಾನಿಕಲ್ ಓದಿದ್ದೀರಿ, ಸೇರಲು ಇನ್ನು ಮೂರು ತಿಂಗಳಿದೆ. ಅಷ್ಟರಲ್ಲಿ ಕುಡಾ (CUDA: ಎನ್‌ವಿಡಿಯಾದ ಜಿಪಿಯು, ಅಂದರೆ ಸಾವಿರಾರು ಲೆಕ್ಕ ಒಟ್ಟಿಗೇ ಮಾಡುವ ಚಿಪ್‌ಗೆ ಕೋಡ್ ಬರೆಯುವ ಸಾಧನ) ಕಲಿತು, ಭಾರತೀಯ ವಿಜ್ಞಾನ ಸಂಸ್ಥೆಯ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನಂಥ ಯಂತ್ರ ಸಿಗುವ ಲ್ಯಾಬ್ ಹಿಡಿಯಬೇಕು ಅಂತಿದ್ದೀರಿ. ನಾನೂ ಹೀಗೇ ಶುರು ಮಾಡಿದವನು. ಕುಡಾ ಈಗ ಬೇಡ. ನನ್ನ ಏಳು ತಿಂಗಳು ಹೋಗಿದ್ದು ಒಂದೇ ಒಂದು ಸಾಲಿನಿಂದ.

ಲೋಹದ ಹಲಗೆಯಲ್ಲಿ ಶಾಖ ಹರಡುವುದನ್ನು ಲೆಕ್ಕ ಹಾಕುವ ಕೋಡ್ ಅದು. ನಾಲ್ಕೂ ಅಂಚಿನಲ್ಲಿ ಉಷ್ಣತೆ ಸೊನ್ನೆ ಇಟ್ಟು ಪರೀಕ್ಷಿಸಿದೆ. ಗ್ರಿಡ್ ಅಂತರ (ಹಲಗೆಯ ಮೇಲೆ ಲೆಕ್ಕ ಹಾಕುವ ಬಿಂದುಗಳ ನಡುವಿನ ದೂರ) ಅರ್ಧ ಮಾಡಿದಾಗಲೆಲ್ಲ ದೋಷ ಕಾಲು ಭಾಗಕ್ಕೆ ಇಳಿಯಿತು. ಇದಕ್ಕೇ ಎರಡನೇ ದರ್ಜೆಯ ನಿಖರತೆ ಅನ್ನುವುದು, ಸರಿ. ಆಮೇಲೆ ಒಂದು ಅಂಚನ್ನು ಶಾಖನಿರೋಧಕ ಮಾಡಬೇಕಾಯಿತು. ಅಂಚಿನ ಉಷ್ಣತೆ ಪಕ್ಕದ ಬಿಂದುವಿನಷ್ಟೇ ಇರಲಿ ಅಂತ ಟಿ[0] = ಟಿ[1] ಬರೆದೆ. ಪರೀಕ್ಷೆಯನ್ನು ಮತ್ತೆ ಓಡಿಸಲಿಲ್ಲ.

ಆ ಸಾಲು ಮೊದಲ ದರ್ಜೆಯದು: ಅಂತರ ಅರ್ಧವಾದರೆ ದೋಷವೂ ಅರ್ಧವಷ್ಟೇ ಆಗುತ್ತದೆ. ಒಳಗಿನ ಬಿಂದುಗಳೆಲ್ಲ ಎರಡನೇ ದರ್ಜೆಯಲ್ಲಿದ್ದರೂ ಗಡಿಯ ದೋಷ ಒಳಕ್ಕೆ ಹರಡಿ ಇಡೀ ಉತ್ತರವನ್ನು ಮೊದಲ ದರ್ಜೆಗೆ ಇಳಿಸುತ್ತದೆ. ಚಿತ್ರ ಬಿಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನುಣುಪಾಗಿಯೇ ಇರುತ್ತದೆ. ಗ್ರಿಡ್ ಸಾಲದು ಅಂದುಕೊಂಡು ಒಂದೊಂದು ಬದಿಗೆ 256, 512, 1024 ಬಿಂದು ಅಂತ ಏರಿಸಿದೆ. ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ (ಈಗಿನ ಬೆಲೆಗಳಿಂದ ಮುಂದಿನ ಕ್ಷಣದ್ದನ್ನು ನೇರವಾಗಿ ಲೆಕ್ಕ ಹಾಕುವುದು) ಕಾಲದ ಹೆಜ್ಜೆ ಗ್ರಿಡ್ ಅಂತರದ ವರ್ಗದ ಜೊತೆ ಕುಗ್ಗಲೇಬೇಕು. ಹಾಗಾಗಿ ಅಂತರ ಅರ್ಧವಾದರೆ ಬಿಂದು ನಾಲ್ಕು ಪಟ್ಟು, ಹೆಜ್ಜೆ ನಾಲ್ಕು ಪಟ್ಟು, ಒಟ್ಟು ಕೆಲಸ ಹದಿನಾರು ಪಟ್ಟು. ದೋಷ ಮಾತ್ರ ಅರ್ಧಕ್ಕಷ್ಟೇ ಇಳಿಯುತ್ತಿತ್ತು. ಜಿಪಿಯು ಬೇಕೇ ಬೇಕು ಅನ್ನಿಸಿದ್ದು ಆಗ. ಮೂರು ತಿಂಗಳು ಕುಡಾಗೇ ಹೋಯಿತು.

ಪರಿಹಾರ ಸಣ್ಣದು. ಅಂಚಿನ ಆಚೆ ಒಂದು ಕಾಲ್ಪನಿಕ ಬಿಂದು ಇದೆ, ಅದರ ಬೆಲೆ ಟಿ[1]ಕ್ಕೆ ಸಮ ಅಂತಿಟ್ಟುಕೊಂಡು ಒಳಗಿನ ಸೂತ್ರವನ್ನೇ ಅಂಚಿಗೂ ಹಾಕಿ. ಆಗ ಆ ದಿಕ್ಕಿನ ಪದ 2(ಟಿ[1] − ಟಿ[0]) ಭಾಗಿಸು ಅಂತರದ ವರ್ಗ ಆಗುತ್ತದೆ. ಪೈಥಾನ್‌ನಲ್ಲಿ ಟಿ[-1] ಅಂತ ನೇರವಾಗಿ ಬರೆಯಬೇಡಿ. ಅದು ಅಂಚಿನ ಆಚೆಗಲ್ಲ, ಅರೇಯ ಕೊನೆಯ ಬೆಲೆಗೆ ಹೋಗುತ್ತದೆ, ಎರರ್ ಕೂಡ ಬರುವುದಿಲ್ಲ! ತಿದ್ದಿದ ಮೇಲೆ ನನಗೆ 128ರ ಗ್ರಿಡ್ಡೇ ಸಾಕಾಯಿತು, ಮಾಮೂಲಿ ಲ್ಯಾಪ್‌ಟಾಪ್‌ನಲ್ಲಿ.

ಈ ಮೂರು ತಿಂಗಳಲ್ಲಿ ಈ ಶಾಖದ ಕೋಡನ್ನೇ ನಂಪೈಯಲ್ಲಿ (ಪೈಥಾನ್‌ನ ಅರೇ ಲೆಕ್ಕದ ಲೈಬ್ರರಿ) ಬರೆಯಿರಿ. ಉತ್ತರವನ್ನು ನೀವೇ ಮೊದಲು ಆರಿಸಿ, ಸಮೀಕರಣಕ್ಕೆ ಹಾಕಿ, ಉಳಿದದ್ದನ್ನು ಸೋರ್ಸ್ ಟರ್ಮ್ (ಹೊರಗಿನಿಂದ ಸೇರಿಸುವ ಶಾಖದ ಪದ) ಆಗಿ ಕೋಡ್‌ಗೆ ಕೊಡಿ. ಆಗ ಸರಿಯುತ್ತರ ಮೊದಲೇ ಗೊತ್ತಿರುವುದರಿಂದ ದೋಷ ಅಳೆಯಬಹುದು. ನಿರೋಧಕ ಅಂಚಿಗೆ ಕೊಸೈನ್ ಒಳ್ಳೆಯದು: ಅಲ್ಲಿ ಇಳಿಜಾರು ಸೊನ್ನೆ, ಎರಡನೇ ಡೆರಿವೇಟಿವ್ ಸೊನ್ನೆಯಲ್ಲ. ಅದೂ ಸೊನ್ನೆಯಾಗುವ ಉತ್ತರ ಆರಿಸಿದರೆ ಮೊದಲ ದರ್ಜೆಯ ದೋಷ ಅಡಗಿಕೊಳ್ಳುತ್ತದೆ. 32, 64, 128ರಲ್ಲಿ ಓಡಿಸಿ, ದೋಷಗಳ ಅನುಪಾತ 4ರ ಹತ್ತಿರ ಬರಬೇಕು. ಇಂಪ್ಲಿಸಿಟ್ ವಿಧಾನವಾದರೂ (ಮುಂದಿನ ಕ್ಷಣದ ಬೆಲೆಗಳನ್ನೆಲ್ಲ ಒಟ್ಟಿಗೆ ಸಮೀಕರಣ ಬಿಡಿಸಿ ಪಡೆಯುವುದು) ಕಾಲದ ಹೆಜ್ಜೆಯನ್ನು ಪ್ರತಿಸಲ ನಾಲ್ಕನೇ ಒಂದಕ್ಕೆ ಇಳಿಸಿ, ಇಲ್ಲದಿದ್ದರೆ ಕಾಲದ ದೋಷ ಉಳಿದದ್ದನ್ನು ಮುಚ್ಚಿಬಿಡುತ್ತದೆ. ಗಡಿಯ ಒಂದು ಸಾಲು ಬದಲಾದರೂ ಇಡೀ ಪರೀಕ್ಷೆ ಮತ್ತೆ ಓಡಲಿ.

ಲ್ಯಾಬ್ ಆರಿಸುವಾಗ ಎಷ್ಟು ಜಿಪಿಯು ಇದೆ ಅಂತ ಕೇಳಬೇಡಿ. ಅಲ್ಲಿನ ಸೀನಿಯರ್ ಒಬ್ಬರನ್ನು ಹಿಡಿದು, ನಿಮ್ಮ ಕೋಡ್‌ನ ಕನ್ವರ್ಜೆನ್ಸ್ ಪರೀಕ್ಷೆ (ಅಂತರ ಕುಗ್ಗಿಸಿ ದೋಷ ಎಷ್ಟು ಇಳಿಯುತ್ತದೆ ಅಂತ ನೋಡುವ ಈ ಪರೀಕ್ಷೆ) ಕೊನೆಯ ಸಲ ಯಾವಾಗ ಓಡಿಸಿದಿರಿ, ತೋರಿಸ್ತೀರಾ ಅಂತ ಕೇಳಿ.