ಜಿಪ್ಸಿ ಕಿಂಗ್‌ಗೆ ಹಳೇ 410ರ ಟ್ರಾನ್ಸ್‌ಫರ್ ಕೇಸ್ ಹಾಕಿಸಬಹುದಾ? ಹಾಕಿಸಿ, ಆದರೆ ಕೊಳ್ಳುವ ಮೊದಲು ಸುತ್ತು ಎಣಿಸಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಾರುತಿ ಜಿಪ್ಸಿ ಕಿಂಗ್ ಇದೆ. 205/70 ಆರ್15 ಟೈರ್ ತೆಗೆದು 235/75 ಆರ್15 ಹಾಕಿಸಿದಿರಿ. ಅಂದಿನಿಂದ ತೋಟದ ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಕ್ಲಚ್ ಸುಟ್ಟ ವಾಸನೆ ಬರುತ್ತಿದೆ. ಹಳೇ 410ರ (970 ಸಿಸಿಯ ಮೊದಲ ಜಿಪ್ಸಿ) ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ, ಸಿಕ್ಕಿದರೆ ಹಾಕೋಣ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಹಾಕಿಸಬಹುದಾ, ಬೇರೆ ಏನಾದರೂ ಹಾಳಾಗುತ್ತಾ ಅನ್ನೋದು ನಿಮ್ಮ ಅನುಮಾನ.

ಹಾಕಿಸಿ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ನಾನು ಸಕಲೇಶಪುರದ ಕಡೆಯವನು, ನನ್ನ ಕಿಂಗ್‌ಗೂ ಇದೇ ಟೈರ್, ಇದೇ ಕೇಸ್. ಒಂಬತ್ತು ಮಳೆಗಾಲ ಓಡಿಸಿದ್ದೇನೆ.

ಮೊದಲು ಯಾಕೆ ಹೀಗಾಯ್ತು ಅಂತ ನೋಡೋಣ. ನಿಮ್ಮ ಹಳೇ ಟೈರಿನ ಎತ್ತರ ಸುಮಾರು 668 ಮಿಲಿಮೀಟರ್. ಹೊಸದು ಸುಮಾರು 733. ಅಂದರೆ ಶೇಕಡಾ 10ರಷ್ಟು ದೊಡ್ಡದು. ಚಕ್ರ ಒಂದು ಸುತ್ತು ಬಂದರೆ ಗಾಡಿ ಮೊದಲಿಗಿಂತ ಶೇಕಡಾ 10ರಷ್ಟು ಮುಂದೆ ಹೋಗಬೇಕು, ಎಂಜಿನ್ ಮಾತ್ರ ಅದೇ. ಎಲ್ಲ ಗೇರೂ ಒಂದು ಮೆಟ್ಟಿಲು ಭಾರವಾದ ಹಾಗೆ.

ಈಗ ಕೇಸಿನ ಲೆಕ್ಕ. 1985ರಲ್ಲಿ ಬಂದ ಮೊದಲ ಜಿಪ್ಸಿಗೆ ಇದ್ದದ್ದು 970 ಸಿಸಿ ಎಂಜಿನ್. ಅಷ್ಟು ಸಣ್ಣ ಎಂಜಿನ್ ಗುಡ್ಡ ಹತ್ತಬೇಕಾದರೆ ಗೇರ್ ಇಳಿಸಲೇಬೇಕಿತ್ತು. ಹಾಗಾಗಿ 410ರ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ (ಮಾಮೂಲಿ ಓಟಕ್ಕೆ) 1.580, ಲೋ (ಕಡಿದಾದ ಏರಿಗೆ) 2.511. ಅಂದರೆ ಕೇಸಿನಿಂದ ಹೊರಹೋಗುವ ಶಾಫ್ಟ್ ಒಂದು ಸುತ್ತು ಬರಲು ಗೇರ್‌ಬಾಕ್ಸಿನ ಕಡೆಯಿಂದ ಅಷ್ಟು ಸುತ್ತು ಬೇಕು. 1996ರಲ್ಲಿ 1298 ಸಿಸಿಯ ಕಿಂಗ್ ಬಂತು, ಎಂಜಿನ್‌ಗೆ ಬಲ ಬಂತು. ಅದರ ಕೇಸಿನಲ್ಲಿ ಹೈ 1.409, ಲೋ 2.268. ಹಳೇದನ್ನು ಹಾಕಿದರೆ ಹೈನಲ್ಲಿ ಶೇಕಡಾ 12, ಲೋನಲ್ಲಿ ಸುಮಾರು ಶೇಕಡಾ 11 ಎಳೆತ ಜಾಸ್ತಿ. ಟೈರ್ ಕಿತ್ತುಕೊಂಡದ್ದನ್ನು ಕೇಸ್ ವಾಪಸ್ ಕೊಟ್ಟು, ಮೇಲೆ ಚೂರು ಸೇರಿಸುತ್ತದೆ. ಹೈವೇಯಲ್ಲಿ ಎಂಜಿನ್ ಹೆಚ್ಚುಕಡಿಮೆ ಕಂಪನಿ ಕೊಟ್ಟಾಗ ತಿರುಗುತ್ತಿದ್ದ ವೇಗಕ್ಕೇ ಬರುತ್ತದೆ. ಆದರೆ ಹಳೇ ಟೈರೇ ಇಟ್ಟುಕೊಂಡು ಈ ಕೇಸ್ ಹಾಕಿದರೆ ಐದನೇ ಗೇರಿನಲ್ಲೂ ಎಂಜಿನ್ ಕಿರುಚುತ್ತದೆ. ಅದಕ್ಕೆ ನಾನು ಬೇಡ ಅಂತಲೇ ಹೇಳುತ್ತೇನೆ.

ಜಿಪ್ಸಿಯಲ್ಲಿ ಈ ಕೆಲಸ ಸುಲಭ ಆಗಲು ಕಾರಣ ಇದೆ. ಬೇರೆ ಎಷ್ಟೋ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಹಿಂಬದಿಗೇ ಅಂಟಿಕೊಂಡಿರುತ್ತದೆ. ಅಲ್ಲಿ ಬದಲಾಯಿಸಲು ಹೊರಟರೆ ಸ್ಪ್ಲೈನ್ (ಶಾಫ್ಟಿನ ಮೇಲಿನ ಹಲ್ಲು), ಅಡಾಪ್ಟರ್, ಶಾಫ್ಟ್ ಉದ್ದ ಅಂತ ತಲೆನೋವು ಬೆಳೆಯುತ್ತಾ ಹೋಗುತ್ತದೆ. ಜಿಪ್ಸಿಯಲ್ಲಿ ಅದು ಬೇರೆಯಾಗಿ, ಚಾಸಿಗೆ ಮೂರು ರಬ್ಬರ್ ಮೌಂಟಿನಲ್ಲಿ ನೇತಾಡುತ್ತದೆ. ನಡುವೆ ಒಂದು ಗಿಡ್ಡ ಶಾಫ್ಟ್, ಅಷ್ಟೇ. ಚೈನ್ ಇಲ್ಲ, ಪೂರ್ತಿ ಗೇರು. ಇಬ್ಬರು ಸೇರಿದರೆ ಬೆಳಿಗ್ಗೆ ಬಿಚ್ಚಿ ಸಂಜೆಗೆ ಏರಿಸಬಹುದು.

ಕಷ್ಟ ಇರೋದು ಸರಿಯಾದ ಕೇಸ್ ಕೊಳ್ಳುವುದರಲ್ಲಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ, ಹರಾಜಾದ ಮಿಲಿಟರಿ ಜಿಪ್ಸಿ ಬಿಚ್ಚುವವರ ಹತ್ತಿರವೋ ಹೋದರೆ, ಮಣ್ಣು, ಗ್ರೀಸ್ ಮೆತ್ತಿದ ಕೇಸುಗಳು ಸಾಲಾಗಿ ಬಿದ್ದಿರುತ್ತವೆ. ನೋಡಲು ಎಲ್ಲ ಒಂದೇ. '410ರದ್ದೇ ಸಾರ್' ಅನ್ನುವ ಮಾತನ್ನು ನಂಬಿ ದುಡ್ಡು ಕೊಡಬೇಡಿ. ಕೈಯಲ್ಲಿ ತಿರುಗಿಸಿ ನೋಡಿ. ಒಂದು ಸೀಮೆಸುಣ್ಣ ತೆಗೆದುಕೊಂಡು ಹೋಗಿ. ಗೇರ್‌ಬಾಕ್ಸಿನ ಕಡೆಯ ಫ್ಲ್ಯಾಂಜಿಗೆ (ಶಾಫ್ಟ್ ಬೋಲ್ಟಾಗುವ ಬಿಲ್ಲೆ) ಒಂದು ಗೆರೆ, ಹಿಂದಿನ ಫ್ಲ್ಯಾಂಜಿಗೆ ಒಂದು ಗೆರೆ ಎಳೆಯಿರಿ. 2ಎಚ್‌ನಲ್ಲಿಟ್ಟು (ಹಿಂದಿನ ಎರಡು ಚಕ್ರಕ್ಕೆ ಹೈ) ಗೇರ್‌ಬಾಕ್ಸಿನ ಕಡೆಯದನ್ನು ತಿರುಗಿಸಿ. ಹಿಂದಿನದು 10 ಸುತ್ತು ಮುಗಿಸುವಾಗ ಗೇರ್‌ಬಾಕ್ಸಿನ ಕಡೆಯದು 14 ದಾಟಿ ಒಂದು ಚೂರು ಹೋಗಿದ್ದರೆ ಅದು ಕಿಂಗಿನದ್ದು, ವಾಪಸ್ ಇಡಿ. 16ಕ್ಕೆ ಸ್ವಲ್ಪ ಕಡಿಮೆ ಬಂದರೆ ನಿಮಗೆ ಬೇಕಾದದ್ದು. 4ಎಲ್‌ಗೆ (ನಾಲ್ಕೂ ಚಕ್ರಕ್ಕೆ ಲೋ) ಹಾಕಿ ಇನ್ನೊಮ್ಮೆ ನೋಡಿ: ಕಿಂಗಿನದ್ದು 23ಕ್ಕೆ ಸ್ವಲ್ಪ ಮುಂಚೆ, 410ರದ್ದು 25 ದಾಟಿದ ಕೂಡಲೇ. ಐದು ನಿಮಿಷದ ಕೆಲಸ.

ಎಣಿಸಿದ ಮೇಲೆ ಸೈಡ್ ಕವರ್ ನೋಡಿಯೇ ಸಮಾಧಾನ ಪಟ್ಟುಕೊಳ್ಳಬೇಡಿ. ನಾನು ಮಾಡಿದ ತಪ್ಪು ಅದೇ. ಬೇರಿಂಗ್ ಚೆನ್ನಾಗಿದೆ ಅಂತ ಕೊಟ್ಟವರು ಹೇಳಿದರು, ನಾನು ಬಿಚ್ಚದೆ ಹಾಗೇ ಏರಿಸಿದೆ. ಮೊದಲ ದಿನವೇ 40ರ ಮೇಲೆ ಹೋದರೆ 'ಗೂಂ' ಅನ್ನುವ ಸದ್ದು. ಆಮೇಲೆ ನೋಡೋಣ ಅಂತ ಬಿಟ್ಟೆ. ಡಿಸೆಂಬರ್, ಕಾಫಿ ಕುಯ್ಲಿನ ಸಮಯ. ಆರು ಮೂಟೆ ಹಣ್ಣು ಹಾಕಿಕೊಂಡು ಕೆಳಗಿನ ಕಣಕ್ಕೆ 4ಎಲ್‌ನಲ್ಲಿ ಇಳಿಯುತ್ತಿದ್ದೆ. ಆ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟಿರುತ್ತದೆ, ಬ್ರೇಕಿಗೆ ಕಾಲು ತಾಗಿಸುವುದೇ ಇಲ್ಲ. ನಡುದಾರಿಯಲ್ಲಿ ಕೇಸಿನ ಸಣ್ಣ ಲಿವರ್ ಟಕ್ ಅಂತ ತಾನಾಗೇ ನ್ಯೂಟ್ರಲ್‌ಗೆ ಬಂತು. ಎಂಜಿನ್ ಸದ್ದು ಇಳಿದುಹೋಯಿತು, ಗಾಡಿ ಓಡತೊಡಗಿತು. ಬ್ರೇಕು, ಹ್ಯಾಂಡ್ ಬ್ರೇಕು ಎರಡೂ ಎಳೆದು ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಮೂಟೆಗಳ ಮೇಲೆ ಇಬ್ಬರು ಹುಡುಗರು ಕೂತಿದ್ದರು. ಈಗಲೂ ನೆನೆದರೆ ಕೈ ತಣ್ಣಗಾಗುತ್ತದೆ.

ಬಿಚ್ಚಿದಾಗ ಗೊತ್ತಾಯಿತು. ಬೇರಿಂಗ್ ರೇಸಿನಲ್ಲಿ ತೂತು ತೂತು. ಲೋ ಗೇರಿನಲ್ಲಿ ಕಾಲರ್ (ಲಿವರ್ ಎಳೆದಾಗ ಸರಿಯುವ ಬಳೆ) ಕಚ್ಚಿಕೊಳ್ಳುವ ಹಲ್ಲುಗಳ ಮೂಲೆ ಉರುಟಾಗಿ ಸವೆದಿತ್ತು, ಬೆರಳು ಆಡಿಸಿದರೆ ನುಣ್ಣಗೆ ಜಾರುತ್ತಿತ್ತು. ಒಳ್ಳೆಯ ಹಲ್ಲಿನ ಅಂಚು ಉಗುರಿಗೆ ಸಿಕ್ಕಬೇಕು. ಹಾಗಾಗಿ ಕೇಸ್ ಮನೆಗೆ ತಂದ ಮೇಲೆ ಎಣ್ಣೆ ಬಸಿದು ಒಂದು ಆಯಸ್ಕಾಂತ ಅದ್ದಿ ನೋಡಿ. ಬೂದು ಬಣ್ಣದ ಮೆತ್ತನೆ ಪೇಸ್ಟ್ ಬಂದರೆ ಪರವಾಗಿಲ್ಲ, ಅಕ್ಕಿ ನುಚ್ಚಿನಂಥ ಚೂರು ಬಂದರೆ ಹಲ್ಲು ಹೋಗಿದೆ. ಏನೇ ಬರಲಿ, ಒಮ್ಮೆ ಪೂರ್ತಿ ಬಿಚ್ಚಿಸಿ ಬೇರಿಂಗ್, ಆಯಿಲ್ ಸೀಲ್ ಎಲ್ಲ ಹೊಸದು ಹಾಕಿಸಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುತ್ತವೆ.

ಇನ್ನು ಫ್ಲ್ಯಾಂಜ್. ನನ್ನ ಗಾಡಿಯಲ್ಲಿ 410ರ ಫ್ಲ್ಯಾಂಜಿನ ಬೋಲ್ಟು ಸಣ್ಣದು, ಕಿಂಗಿನ ಶಾಫ್ಟಿಗೆ ತೂತು ಹೊಂದಲಿಲ್ಲ. ಸ್ಪ್ಲೈನ್ ಕೂತರೆ ನಿಮ್ಮ ಹಳೇ ಕೇಸಿನ ಫ್ಲ್ಯಾಂಜುಗಳನ್ನೇ ಬಿಚ್ಚಿ ಇದಕ್ಕೆ ಹಾಕಿ. ಕೂರದಿದ್ದರೆ ಒಳ್ಳೆಯ ಲೇತಿನವರ ಹತ್ತಿರ ಅಳತೆ ಕೊಟ್ಟು ಮಾಡಿಸಿ. ತೂತನ್ನು ಉದ್ದ ಕೊರೆದು 'ಅಡ್ಜಸ್ಟ್' ಮಾಡಲು ಬಿಡಬೇಡಿ. ಶಾಫ್ಟ್ ನಡು ತಪ್ಪಿದರೆ ನಡುಕ ಹುಟ್ಟುತ್ತದೆ, ಆ ನಡುಕ ಶಾಫ್ಟಿನ ಕ್ರಾಸ್ ಜಾಯಿಂಟನ್ನೂ ಹೊಸ ಬೇರಿಂಗನ್ನೂ ತಿಂದುಹಾಕುತ್ತದೆ. ಹ್ಯಾಂಡ್ ಬ್ರೇಕನ್ನೂ ನೋಡಿಕೊಳ್ಳಿ. ಕೆಲವು ಕೇಸುಗಳ ಹಿಂದೆ ಹ್ಯಾಂಡ್ ಬ್ರೇಕಿನ ಡ್ರಮ್ ಇರುತ್ತದೆ. ನಿಮ್ಮ ಗಾಡಿಯದು ಎಲ್ಲಿ ಹಿಡಿಯುತ್ತದೆ ಅಂತ ಮೊದಲೇ ನೋಡಿ, ಅದಕ್ಕೆ ಹೊಂದುವ ಕೇಸನ್ನೇ ಆರಿಸಿ.

ಮೌಂಟ್ ರಬ್ಬರ್ ಮೂರನ್ನೂ ಇದೇ ಸಲ ಬದಲಾಯಿಸಿ. ಲೋ ಗೇರಿನಲ್ಲಿ ಎಳೆಯುವಾಗ ಕೇಸ್ ತಾನೇ ತಿರುಚಿಕೊಳ್ಳಲು ನೋಡುತ್ತದೆ, ಹಳೇ ರಬ್ಬರ್ ಹರಿಯುತ್ತದೆ.

ಕೇಸ್ ಬದಲು ಎರಡೂ ಆಕ್ಸಲ್ ಹೌಸಿಂಗಿನ ಕ್ರೌನ್ ಪಿನಿಯನ್ (ಚಕ್ರಕ್ಕೆ ಬಲ ಕೊಡುವ ಕೊನೆಯ ಗೇರ್ ಜೋಡಿ) ಬದಲಿಸಿ ಅಂತ ಯಾರಾದರೂ ಹೇಳಬಹುದು. ಅದೂ ದಾರಿಯೇ, ಆದರೆ ಮುಂದೆ ಹಿಂದೆ ಎರಡೂ ಕಡೆ ಒಂದೇ ರೇಷಿಯೋ ಇರಲೇಬೇಕು, ಸೆಟ್ಟಿಂಗ್ ಗೊತ್ತಿರುವ ಕೈಯೂ ಬೇಕು. ಕೇಸ್ ಬದಲಿಸಿದರೆ ಎರಡು ಆಕ್ಸಲಿಗೂ ಒಂದೇ ಅಳತೆಯಲ್ಲಿ ಎಳೆತ ಹೋಗುತ್ತದೆ, ಆ ಚಿಂತೆ ಇಲ್ಲ. ಇದೇ ಗಾಡಿ ಅಮೆರಿಕದಲ್ಲಿ ಸಮುರಾಯ್, ಆಸ್ಟ್ರೇಲಿಯಾದಲ್ಲಿ ಸಿಯೆರಾ ಅಂತ ಮಾರಾಟವಾಗಿದ್ದರಿಂದ ಹೊರದೇಶದಲ್ಲಿ 4.16ರ ಲೋ ಗೇರ್ ಕಿಟ್ ಕೂಡ ಸಿಗುತ್ತದೆ. ಬಂಡೆ ಹತ್ತುವವರಿಗೆ ಅದು ಚೆನ್ನ. ತೋಟಕ್ಕೆ ಬೇಡ, ಅಷ್ಟು ಬಲಕ್ಕೆ ಮುಂದಿನ ಆಕ್ಸಲಿನ ಜಾಯಿಂಟ್ ತಡೆಯುವುದು ಕಷ್ಟ.

ಸ್ಪೀಡೋಮೀಟರ್ ಕೇಬಲ್ ಕೇಸಿನ ಔಟ್‌ಪುಟ್ ಕಡೆಯಿಂದಲೇ ಹೋಗುತ್ತದೆ. ಟೈರ್ ದೊಡ್ಡದಾದ್ದರಿಂದ ಈಗಾಗಲೇ ಅದು ಕಡಿಮೆ ತೋರಿಸುತ್ತಿರುತ್ತದೆ, ಕೇಸ್ ಬದಲಾದರೆ ಅದು ಸರಿಹೋಗುವುದಿಲ್ಲ. ಫೋನಿನ ಜಿಪಿಎಸ್ ಇಟ್ಟುಕೊಂಡು ಎಷ್ಟು ವ್ಯತ್ಯಾಸ ಅಂತ ನೋಡಿಕೊಳ್ಳಿ. ಇನ್ನೊಂದು ವಿಷಯ, ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ರೋಡಿಗೆ ಇಳಿಸುವ ಗಾಡಿಯಾದರೆ ಟೈರ್, ಕೇಸ್ ಎರಡರ ಬಗ್ಗೆಯೂ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಏರಿಸಿದ ಮೇಲೆ ಗೇರ್ ಆಯಿಲ್ ಸುಮಾರು 800 ಮಿಲಿಲೀಟರ್ ಹಿಡಿಯುತ್ತದೆ. ಪಕ್ಕದ ತೂತಿನಿಂದ ಹೊರಗೆ ಜಿನುಗುವವರೆಗೆ ತುಂಬಿ. 100 ಕಿಲೋಮೀಟರ್ ಓಡಿದ ಮೇಲೆ ಫ್ಲ್ಯಾಂಜಿನ ಬೋಲ್ಟೆಲ್ಲ ಇನ್ನೊಮ್ಮೆ ಬಿಗಿ ಮಾಡಿ, 500ಕ್ಕೆ ಎಣ್ಣೆ ಬದಲಾಯಿಸಿ. ಭಾರ ಹಾಕಿ ಇಳಿಜಾರಿಗೆ ಹೋಗುವ ಮೊದಲು ಖಾಲಿ ಗಾಡಿಯಲ್ಲಿ ಸಣ್ಣ ಇಳಿಜಾರು ಹುಡುಕಿ, 4ಎಲ್‌ನಲ್ಲಿ ಇಳಿದು, ಆಕ್ಸಿಲರೇಟರ್ ಒತ್ತಿ ಬಿಟ್ಟು ನೋಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ಲಿವರಿನ ಮೇಲೆ ಕೈ ಹಗುರವಾಗಿ ಇಡಲು ಹೇಳಿ. ಹೊರಗೆ ಬರಲು ನೋಡಿದರೆ ಕೈಗೆ ಗೊತ್ತಾಗುತ್ತದೆ. ಕೇಸ್ ಸಿಕ್ಕಿದ ದಿನ ಎಷ್ಟು ಸುತ್ತು ಬಂತು ಅಂತ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.