147573952589676412927 ಅವಿಭಾಜ್ಯ ಸಂಖ್ಯೆಯೇ? ಇದರಲ್ಲಿ ಅಂಥ ವಿಶೇಷ ಏನಿದೆ?

ಅವಿಭಾಜ್ಯ ಅಲ್ಲ. ಆದರೆ ಅಲ್ಲ ಅಂತ ಗೊತ್ತಾದ ಮೇಲೂ ಅದನ್ನು ಒಡೆದು ತೋರಿಸೋಕೆ 27 ವರ್ಷ ಹಿಡಿಯಿತು. ನನ್ನ ಮಟ್ಟಿಗೆ ಇದರ ವಿಶೇಷವೇ ಅದು.

21 ಅಂಕಿಗಳ ಈ ಸಂಖ್ಯೆ 2⁶⁷ − 1. ಅಂದರೆ 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆಯಬೇಕು. 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 67 ಒಂದುಗಳು, ಅಷ್ಟೇ. ಅಂಕಿಗಳ ಮೊತ್ತ 109, ಹಾಗಾಗಿ 3ರಿಂದ ಭಾಗವಾಗುವುದಿಲ್ಲ. 4ರಿಂದ ಭಾಗಿಸಿದರೆ ಶೇಷ 3. ವರ್ಗಸಂಖ್ಯೆಗಳಿಗೆ ಅಲ್ಲಿ 0 ಅಥವಾ 1 ಮಾತ್ರ ಉಳಿಯುತ್ತದೆ, ಆದ್ದರಿಂದ ಇದು ವರ್ಗಸಂಖ್ಯೆಯೂ ಅಲ್ಲ.

ಫ್ರಾನ್ಸಿನ ಸನ್ಯಾಸಿ ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟ. 257ರವರೆಗೆ ಯಾವ ಘಾತ ಹಾಕಿದರೆ 2ರ ಘಾತದಲ್ಲಿ 1 ಕಳೆದು ಅವಿಭಾಜ್ಯ ಸಿಗುತ್ತದೆ ಅನ್ನೋ ಪಟ್ಟಿ. ಅದರಲ್ಲಿ 67 ಕೂಡ ಇತ್ತು. (67, 257 ಎರಡೂ ತಪ್ಪು, 61, 89, 107 ಬಿಟ್ಟೇ ಹೋಗಿದ್ದವು. ಆದರೂ ಈ ಬಗೆಯ ಸಂಖ್ಯೆಗಳಿಗೆಲ್ಲ ಅವನದೇ ಹೆಸರು!)

1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ಇದು ಅವಿಭಾಜ್ಯ ಅಲ್ಲ ಎಂದು ತೋರಿಸಿದ, ಒಂದೂ ಅಪವರ್ತನ ಕಂಡುಹಿಡಿಯದೆ. ಅದು ಹೇಗೆ ಅಂತೀರಾ? ಅವನ ವಿಧಾನದ ಈಗಿನ ಸರಳ ರೂಪ ನೋಡಿ. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆಯಿರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಹೀಗೇ ಮುಂದುವರಿಸಿ. 2⁵ − 1, ಅಂದರೆ 31ಕ್ಕೆ: 4, 14, ಆಮೇಲೆ 194ರ ಶೇಷ 8, ಆಮೇಲೆ 62ರ ಶೇಷ 0. ಮೂರನೇ ಸುತ್ತಿಗೆ ಸೊನ್ನೆ ಬಂತು, 31 ಅವಿಭಾಜ್ಯ. ಘಾತ 67 ಆದರೆ 65 ಸುತ್ತು ಬೇಕು, ಕೊನೆಗೆ ಸೊನ್ನೆ ಬರುವುದಿಲ್ಲ. ಹಾಗಾದರೆ ಅಪವರ್ತನ ಇದ್ದೇ ಇದೆ. ಯಾವುದು ಅಂತ ಮಾತ್ರ ಈ ಲೆಕ್ಕ ಬಾಯಿ ಬಿಡುವುದಿಲ್ಲ.

ಅದನ್ನು ಹುಡುಕಿದವನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್, 1903ರಲ್ಲಿ:

193707721 × 761838257287

ಗಣಿತಜ್ಞರ ಸಭೆಯಲ್ಲಿ ಅವನು ಒಂದು ಮಾತೂ ಆಡದೆ ಒಂದು ಕಡೆ 2⁶⁷ − 1, ಇನ್ನೊಂದು ಕಡೆ ಈ ಗುಣಾಕಾರ, ಎರಡನ್ನೂ ಬೋರ್ಡಿನ ಮೇಲೆ ಬಿಡಿಸಿ ಹೋಗಿ ಕೂತ, ಇದಕ್ಕಾಗಿ ಮೂರು ವರ್ಷದ ಭಾನುವಾರಗಳನ್ನು ಕಳೆದಿದ್ದ ಅಂತೆಲ್ಲ ಕಥೆ ಇದೆ. ಕಥೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಗುಣಾಕಾರ ಮಾತ್ರ ಸರಿಯಾಗೇ ಇದೆ.

ಇನ್ನು ನನಗೆ ತುಂಬ ಇಷ್ಟವಾದ ಗುಣ. ಇದರ ಯಾವ ಅಪವರ್ತನವನ್ನು ತೆಗೆದುಕೊಂಡರೂ ಅದು 134ರ ಗುಣಕಕ್ಕೆ 1 ಕೂಡಿಸಿದಂತೆಯೇ ಇರಬೇಕು. q ಅನ್ನೋ ಅವಿಭಾಜ್ಯ ಇದನ್ನು ಭಾಗಿಸಿದರೆ, 2⁶⁷ನ್ನು qರಿಂದ ಭಾಗಿಸಿದಾಗ 1 ಉಳಿಯುತ್ತದೆ. 67 ಅವಿಭಾಜ್ಯ ಆದ್ದರಿಂದ ಅದಕ್ಕಿಂತ ಚಿಕ್ಕ ಘಾತದಲ್ಲಿ ಹಾಗಾಗದು. ಆಗ ಫರ್ಮಾನ ಪ್ರಮೇಯದ ಪ್ರಕಾರ (2ಕ್ಕೆ q − 1 ಘಾತ ಹಾಕಿ qರಿಂದ ಭಾಗಿಸಿದರೂ 1 ಉಳಿಯುತ್ತದೆ ಅನ್ನೋದೇ ಅದು) q − 1 ಅನ್ನೋದು 67ರ ಗುಣಕ ಆಗಲೇಬೇಕು. ಅದು ಸಮಸಂಖ್ಯೆಯೂ ಹೌದು, ಅಲ್ವಾ? ಅದಕ್ಕೇ 134. ಇದೇ ನಿಯಮ 2¹¹ − 1ರಲ್ಲಿ ನೋಡಿ. ಅದು 2047 = 23 × 89. ಎರಡೂ 22ರ ಗುಣಕಕ್ಕಿಂತ ಒಂದು ಜಾಸ್ತಿ.

ಇದರ ಜೊತೆಗೆ 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು ಅನ್ನೋ ಇನ್ನೊಂದು ನಿಯಮವೂ ಇದೆ. ಎರಡೂ ಸೇರಿಸಿ ಸೋಸಿದರೆ ಚಿಕ್ಕ ಅಪವರ್ತನ ಸಿಗೋಕೆ ಸುಮಾರು 7.23 ಲಕ್ಷ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು. ಈಗಿನ ಲ್ಯಾಪ್‌ಟಾಪಿಗೆ ಅದೊಂದು ಲೆಕ್ಕವೇ ಅಲ್ಲ, ಪೈಥಾನ್‌ನಲ್ಲಿ ನಾಲ್ಕೈದು ಸಾಲು ಬರೆದು ನೀವೇ ನೋಡಬಹುದು.

ಆದರೆ 2¹²⁷⁷ − 1ರ ಮೇಲೆ ಮಾತ್ರ ಈ ಉಪಾಯ ಪ್ರಯೋಗಿಸಲು ಹೋಗಬೇಡಿ. 385 ಅಂಕಿಗಳ ಆ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಗೊತ್ತು, ಪ್ರತಿ ಅಪವರ್ತನವೂ 2554ರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು ಅಂತಲೂ ಗೊತ್ತು. ಇಷ್ಟು ಕಂಪ್ಯೂಟರ್‌ಗಳಿದ್ದೂ ಒಂದೇ ಒಂದು ಅಪವರ್ತನ ಯಾರಿಗೂ ಸಿಕ್ಕಿಲ್ಲ.